ದ್ವೇಷದ ಪಾಠಕ್ಕೂ ಮಾರ್ಗದರ್ಶಿ ಬೇಕು



ಅಮೆರಿಕದ ಗೊನ್ಜಾಗಾ ವಿಶ್ವವಿದ್ಯಾಲಯ 1990ರ ದಶಕದ ಕೊನೆಯಲ್ಲೇ ದ್ವೇಷದ ಅಧ್ಯಯನಕ್ಕೆಂದು ಸಂಸ್ಥೆ ಕಟ್ಟಿತು. ಇತಿಹಾಸ, ಕಾನೂನು, ಮನಶ್ಶಾಸ್ತ್ರ ಮೂರೂ ಬೆರೆತ ಈ ವಿಷಯಕ್ಕೆ ಹೊಸ ಪಠ್ಯ ರೂಪಿಸುವ ಅಧ್ಯಾಪಕರು ಸಾಮಾನ್ಯವಾಗಿ ಒಂದರಲ್ಲಷ್ಟೇ ಪಳಗಿರುತ್ತಾರೆ; ಅವರನ್ನು ಒಂಟಿಯಾಗಿ ಬಿಡಬಾರದು. ಉದಾಹರಣೆಗೆ, 1994ರ ರುವಾಂಡಾ ಹತ್ಯಾಕಾಂಡದ ವೇಳೆ ಆರ್‌ಟಿಎಲ್‌ಎಂ ರೇಡಿಯೊ ಟುಟ್ಸಿ ಸಮುದಾಯದವರನ್ನು ಜಿರಲೆಗಳೆಂದು ಕರೆಯುತ್ತಿತ್ತು. ಆ ಧ್ವನಿಮುದ್ರಿಕೆಯನ್ನು ತರಗತಿಯಲ್ಲಿ ಕೇಳಿಸಬೇಕೆ, ಅದಕ್ಕೂ ಮೊದಲು ಏನೇನು ಓದಿಸಿರಬೇಕು, ಅಂಥದೇ ನಿಂದೆ ಅನುಭವಿಸಿದ ವಿದ್ಯಾರ್ಥಿ ಎದುರಿಗೇ ಕೂತಿದ್ದರೆ ಏನು ಮಾಡಬೇಕು? ಈಗಾಗಲೇ ಇಂಥ ಪಾಠ ಮಾಡಿದವರ ಜೊತೆ ಕೂತು ಮಾತಾಡಿದರಷ್ಟೇ ಇಂಥ ಪ್ರಶ್ನೆಗಳು ಬಗೆಹರಿಯುತ್ತವೆ. ಮಾರ್ಗದರ್ಶನವೆಂದರೆ ಬೋಧನಾ ಸ್ವಾತಂತ್ರ್ಯಕ್ಕೆ ಮೂಗುದಾರ ಎಂಬ ಆಕ್ಷೇಪವಿದೆ. ಆ ಆತಂಕ ಸಹಜವೇ. ಹಾಗಾಗಿ ಮಾರ್ಗದರ್ಶಿ ಬೇರೆ ವಿಶ್ವವಿದ್ಯಾಲಯದವರಾಗಿರಲಿ, ಬಡ್ತಿಯ ವಿಚಾರದಲ್ಲಿ ಅವರ ಕೈ ಇರದಿರಲಿ. ಕೊನೆಯ ತೀರ್ಮಾನ ಅಧ್ಯಾಪಕರದ್ದೇ. ಮೊದಲ ಎರಡು ಸೆಮಿಸ್ಟರ್‌ಗಳಲ್ಲಾದರೂ ಇದಕ್ಕಾಗಿ ಅಧ್ಯಾಪಕರು, ಮಾರ್ಗದರ್ಶಿ ಇಬ್ಬರ ಬೋಧನಾ ಹೊರೆಯನ್ನೂ ಇಳಿಸಬೇಕು.

– ಓದುಗ, ಧಾರವಾಡ