ಒತ್ತಕ್ಷರಕ್ಕೂ ಜಾಗ ಬಿಡಿ

ಕನ್ನಡದ ಜಾಲತಾಣಗಳಲ್ಲಿ ಮೇಲಿನ ಸಾಲಿನ ಒತ್ತಕ್ಷರ ಕೆಳಗಿನ ಸಾಲಿನ ಗುಡಿಸಿನ ಮೇಲೆ ಹತ್ತಿ ಕೂತಿರುವುದನ್ನು ನೀವೂ ಕಂಡಿರುತ್ತೀರಿ. ಇದು ನಮ್ಮ ಲಿಪಿಯ ದೋಷವೆನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ದೋಷವಿರುವುದು ಪುಟದ ಅಂದಚೆಂದ ನಿರ್ಧರಿಸುವ ಸಿಎಸ್‌ಎಸ್ ಎಂಬ ನಿಯಮಗಳ ಕಡತದಲ್ಲಿ, ಅದನ್ನು ಬರೆದವರ ಗತ್ತಿನಲ್ಲಿ.

ರೋಮನ್ ಲಿಪಿಗೆ ಅಕ್ಷರದ ಅಳತೆಯ 1.2ರಷ್ಟು ಸಾಲಿನ ಎತ್ತರ ಸಾಕಾದೀತು. ಮೇಲೆ ಗುಡಿಸು, ಕೆಳಗೆ ಒತ್ತು ಇರುವ ನಮಗೆ 1.6, 1.8 ಆದರೂ ಬೇಕು. ಸಿದ್ಧ ವಿನ್ಯಾಸ ತಂದುಕೊಂಡ ಹುಡುಗಿಯೊಬ್ಬಳು ಪ್ಯಾರಾಗ್ರಾಫಿಗೆ 1.8 ಎಂದು ಒಂದು ಸಾಲು ಬರೆದರೆ ಕೆಲಸ ಮುಗಿಯಬೇಕು ತಾನೆ? ಮುಗಿಯುವುದಿಲ್ಲ. ಮೂಲ ವಿನ್ಯಾಸಕಾರ ತನ್ನ 1.2 ಅನ್ನು ಐಡಿ, ಕ್ಲಾಸ್, ಟ್ಯಾಗ್ ಮೂರನ್ನೂ ಪೋಣಿಸಿ ಬರೆದಿರುತ್ತಾನೆ. ಬ್ರೌಸರು ತೂಕ ನೋಡುತ್ತದೆ. ಐಡಿ ಭಾರ, ಆಮೇಲೆ ಕ್ಲಾಸ್, ಕೊನೆಗೆ ಬರಿಯ ಟ್ಯಾಗ್. ಹತ್ತು ಕ್ಲಾಸ್ ಸೇರಿದರೂ ಒಂದು ಐಡಿಗೆ ಸಮವಲ್ಲ. (ಮನೆಗಳಲ್ಲಿ ಅತ್ತೆಯ ಮಾತಿನಂತೆ ಎನ್ನಿ.) ತೂಕ ಸಮವಾದಾಗ ಮಾತ್ರ ಕೊನೆಯಲ್ಲಿ ಬರೆದದ್ದಕ್ಕೆ ಬೆಲೆ.

ಆಗ ತರಬೇತಿಯವರು ಹೇಳಿಕೊಡುವುದೇನು? "ಇಂಪಾರ್ಟೆಂಟ್ ಅಂತ ಸೇರಿಸಮ್ಮ, ಸರಿಹೋಗುತ್ತೆ." ಸರಿಹೋಗುತ್ತದೆ, ನಿಜ. ಆದರೆ ನಾಳೆ ಅದನ್ನೇ ತಿದ್ದಬೇಕಾದ ಇನ್ನೊಬ್ಬಳೂ ಇಂಪಾರ್ಟೆಂಟ್ ಹಾಕಬೇಕು, ಮೇಲೆ ಇನ್ನಷ್ಟು ತೂಕ ಸೇರಿಸಬೇಕು, ಇಲ್ಲವೇ ಕಡತದ ಕೊನೆಗೆ ಓಡಬೇಕು. ಬೀದಿ ನಲ್ಲಿಯ ಜಗಳ ಬೆಳೆಯುವುದೂ ಹೀಗೆಯೇ. ಮಕ್ಕಳಿಗೆ ಕೂಗುವುದನ್ನು ಕಲಿಸುವುದೂ ಒಂದು ವಿದ್ಯೆಯೆ?

ಇದಕ್ಕೆ ಪರಿಹಾರವಿಲ್ಲದೆ ಇಲ್ಲ. 'ವೇರ್' ಎಂಬ ಸೆಲೆಕ್ಟರಿನ ಆವರಣದೊಳಗೆ ಐಡಿಯನ್ನೇ ಇಟ್ಟರೂ ಅದರ ತೂಕ ಸೊನ್ನೆ. ಆಯ್ಕೆ ಮಾತ್ರ ಅಷ್ಟೇ ಕರಾರುವಾಕ್ಕು. ಅದರ ಅಕ್ಕನಂತಿರುವ 'ಇಸ್' ಹಾಗಲ್ಲ, ತನ್ನೊಳಗಿನ ಅತಿ ಭಾರದ್ದರ ತೂಕವನ್ನು ಹೊತ್ತುಕೊಂಡೇ ಬರುತ್ತದೆ. ಆ ವಿನ್ಯಾಸಕಾರ ಐಡಿ, ಕ್ಲಾಸುಗಳ ತನ್ನ ಸರವನ್ನು ವೇರ್‌ನೊಳಗೆ ಇಟ್ಟಿದ್ದರೆ ಹುಡುಗಿಯ ಆ ಒಂದೇ ಸಾಲು ಗೆಲ್ಲುತ್ತಿತ್ತು. 2021ರ ಆರಂಭದ ಹೊತ್ತಿಗೇ ಕ್ರೋಮ್, ಫೈರ್‌ಫಾಕ್ಸ್, ಸಫಾರಿ ಮೂರಕ್ಕೂ ಇದು ತಿಳಿದಿತ್ತು. ಇನ್ನೂ ಬಳಸದವರ ನೆಪ ನನಗೆ ಅರ್ಥವಾಗದು.

"ತೂಕವಿಲ್ಲದ ನಿಯಮವನ್ನು ಯಾರು ಬೇಕಾದರೂ ಕೆಡಿಸಿಯಾರು" ಎನ್ನುತ್ತಾರೆ. ಎಲ್ಲ ನಿಯಮವನ್ನೂ ಸೊನ್ನೆ ಮಾಡಿ ಎಂದು ಕೇಳಿದವರು ಯಾರು? ಸಾಲಿನ ಎತ್ತರ, ಅಂಚು, ಅಕ್ಷರದ ಅಳತೆ ಇವು ಬಳಸುವವರು ಬದಲಿಸಲೆಂದೇ ಇರುವಂಥವು. ಹುಳಿಗೆ ಹದವಾಗಿ ಉಪ್ಪು ಹಾಕಿದ ಮೇಲೂ ಎಲೆಯ ತುದಿಗೆ ಚಿಟಿಕೆ ಉಪ್ಪು ಬಡಿಸುವುದಿಲ್ಲವೆ? ಕನ್ನಡ ಓದಲಾರದವರು ಕನ್ನಡದ ಸಾಲು ಇಷ್ಟೇ ಎತ್ತರವೆಂದು ತೀರ್ಮಾನಿಸಿ ಬೀಗ ಜಡಿದು ಹೋಗಲು ಅಧಿಕಾರ ಕೊಟ್ಟವರಾದರೂ ಯಾರು?