ಜಾಝ್‌ಗೆ ಬಲ ಮೆದುಳು, ಶಾಸ್ತ್ರೀಯಕ್ಕೆ ಎಡ ಮೆದುಳು: ಈ ಫಾರ್ವರ್ಡ್‌ನಲ್ಲಿ ನಿಜ ಎಷ್ಟು?

ತಲೆಯ ಅರ್ಧ ನೀಲಿ, ಇನ್ನರ್ಧ ಕೆಂಪು. ಬರೆದದ್ದನ್ನು ಇದ್ದ ಹಾಗೇ ನುಡಿಸುವವರು ಎಡ ಮೆದುಳಿನವರು, ಸ್ಥಳದಲ್ಲೇ ಹೊಸದನ್ನು ಕಟ್ಟುವವರು ಬಲ ಮೆದುಳಿನವರು. ಇಂಥ ಚಿತ್ರ ನಿಮ್ಮ ವಾಟ್ಸಾಪ್‌ಗೂ ಬಂದಿರಬಹುದು. ಓದಿ ಮರೆತರೆ ತೊಂದರೆಯಿಲ್ಲ. ಆದರೆ ‘ನಮ್ಮವಳದು ಲೆಕ್ಕದ ತಲೆ, ಸಂಗೀತ ಹತ್ತಲ್ಲ’ ಎಂದು ಇದನ್ನೇ ನಂಬಿ ತೀರ್ಮಾನಿಸಿದರೆ ನಷ್ಟ ಮಗುವಿಗೆ.

ಸಂಗೀತದ ಶೈಲಿಗೂ ಮೆದುಳಿಗೂ ನಂಟಿದೆ ಎನ್ನುವ ಮಾತು ಪೂರ್ತಿ ಸುಳ್ಳಲ್ಲ. ಜರ್ಮನಿಯ ಲೈಪ್‌ಜಿಗ್‌ನಲ್ಲಿರುವ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ಸಂಶೋಧಕರು 2018ರಲ್ಲಿ ಇಂಥದ್ದೊಂದು ಅಧ್ಯಯನ ಪ್ರಕಟಿಸಿದರು. 30 ಪಿಯಾನೊ ವಾದಕರು, ಅರ್ಧ ಜಾಝ್‌ನವರು, ಅರ್ಧ ಪಾಶ್ಚಾತ್ಯ ಶಾಸ್ತ್ರೀಯದವರು. ಪರದೆಯ ಮೇಲೆ ಒಂದು ಕೈ ಪಿಯಾನೊ ನುಡಿಸುತ್ತದೆ, ಇವರು ಅದನ್ನು ನೋಡಿ ಹಾಗೇ ನುಡಿಸಬೇಕು. ಪಿಯಾನೊದಿಂದ ಸದ್ದು ಬರುವುದಿಲ್ಲ. ತಲೆಗೆ ಇಇಜಿ ತಂತಿಗಳು. ನಡುನಡುವೆ ಪರದೆಯ ಕೈ ಎಡವಟ್ಟು ಮಾಡುತ್ತದೆ: ಒಮ್ಮೆ ಹೊಂದದ ಸ್ವರಗಳನ್ನು ಒತ್ತುತ್ತದೆ, ಇನ್ನೊಮ್ಮೆ ಸ್ವರ ಸರಿಯಿದ್ದರೂ ಬೆರಳು ಬೇರೆ.

ಸ್ವರ ಅನಿರೀಕ್ಷಿತವಾಗಿ ಬದಲಾದಾಗ ಜಾಝ್‌ನವರ ಮೆದುಳು ಬೇಗ ಹೊಸ ಯೋಜನೆ ಹಾಕಿಕೊಂಡಿತು. ಬೆರಳು ಬದಲಾದಾಗ ಗೆದ್ದವರು ಶಾಸ್ತ್ರೀಯದವರು, ಅವರ ತಪ್ಪುಗಳು ಕಡಿಮೆ. ಯೋಚಿಸಿದರೆ ಇದರಲ್ಲಿ ಅಚ್ಚರಿಯಿಲ್ಲ. ಜಾಝ್‌ನಲ್ಲಿ ಮುಂದಿನ ಸ್ವರ ಯಾವುದಾದರೂ ಆಗಬಹುದು. ಶಾಸ್ತ್ರೀಯದಲ್ಲಿ ಸ್ವರ ಮೊದಲೇ ಬರೆದಿಟ್ಟಿರುತ್ತದೆ, ಅದನ್ನು ಯಾವ ಬೆರಳಿನಿಂದ ಹೇಗೆ ಒತ್ತಬೇಕು ಎನ್ನುವುದೇ ವರ್ಷಗಟ್ಟಲೆ ಸಾಧನೆ. ದಿನವೂ ಏನನ್ನು ಅಭ್ಯಾಸ ಮಾಡುತ್ತೇವೋ ಮೆದುಳು ಅದಕ್ಕೆ ಅಣಿಯಾಗಿರುತ್ತದೆ. (ಬೇಗ ಹೊಂದಿಕೊಳ್ಳುವ ಗುಣ ಇದ್ದವರೇ ಜಾಝ್ ಕಡೆ ಹೋಗಿರಬಹುದಲ್ಲವೇ? ಇರಬಹುದು. ಈ ಒಂದು ಪ್ರಯೋಗ ಅದನ್ನು ಇತ್ಯರ್ಥ ಮಾಡುವುದಿಲ್ಲ.)

ಇದರಲ್ಲೆಲ್ಲೂ ‘ಎಡ ಮೆದುಳಿನ ವಾದಕ’ ಇಲ್ಲ. ಕೆಲವು ಕೆಲಸಗಳು ಒಂದು ಬದಿಯನ್ನು ಹೆಚ್ಚು ಅವಲಂಬಿಸುತ್ತವೆ ನಿಜ, ಭಾಷೆ ಹೆಚ್ಚಿನವರಲ್ಲಿ ಎಡಕ್ಕೆ. ಆದರೆ ಅಮೆರಿಕದ ಯೂಟಾ ವಿಶ್ವವಿದ್ಯಾಲಯದವರು 2013ರಲ್ಲಿ 1,011 ಜನರ ಸ್ಕ್ಯಾನ್ ಪರಿಶೀಲಿಸಿದಾಗ, ಇಡಿಯಾಗಿ ಎಡದವರು, ಬಲದವರು ಎಂಬ ಎರಡು ಬಗೆಯ ಮನುಷ್ಯರು ಕಾಣಲಿಲ್ಲ.

ಇನ್ನೊಂದು ಫಾರ್ವರ್ಡ್: ‘ಹೊಸದನ್ನು ಕಟ್ಟುವಾಗ ಕಲಾವಿದನ ಮೆದುಳು ತನ್ನನ್ನು ತಾನೇ ಆಫ್ ಮಾಡಿಕೊಳ್ಳುತ್ತದೆ!’ ಇದರ ಮೂಲ 2008ರ ಅಮೆರಿಕದ ಪ್ರಯೋಗ. ಆರು ಜಾಝ್ ವಾದಕರು ಎಫ್‌ಎಂಆರ್‌ಐ ಯಂತ್ರದೊಳಗೆ ಮಲಗಿ, ಅದಕ್ಕೆಂದೇ ಮಾಡಿಸಿದ 35 ಕೀಗಳ ಪುಟ್ಟ ಕೀಬೋರ್ಡ್ ನುಡಿಸಿದರು. ಬಾಯಿಪಾಠದ ಸಂಗೀತಕ್ಕೆ ಹೋಲಿಸಿದರೆ ಮನೋಧರ್ಮದ ಹೊತ್ತಿನಲ್ಲಿ, ನಮ್ಮ ಮೇಲೆ ನಾವೇ ನಿಗಾ ಇಡಲು ನೆರವಾಗುವ ಮುಂಭಾಗದ ಒಂದು ಪ್ರದೇಶದ ಚಟುವಟಿಕೆ ತಗ್ಗಿತ್ತು. ತಗ್ಗಿತ್ತು ಅಷ್ಟೇ, ಆಫ್ ಆಗಿರಲಿಲ್ಲ. ಇದಕ್ಕೂ ಒಂದು ವರ್ಷ ಮುಂಚೆ, 2007ರಲ್ಲಿ, ಸ್ವೀಡನ್ನಿನಲ್ಲಿ 11 ಶಾಸ್ತ್ರೀಯ ಪಿಯಾನೊ ವಾದಕರು ಸ್ವಂತವಾಗಿ ಕಟ್ಟಿ ನುಡಿಸಿದಾಗ ಅದೇ ಮುಂಭಾಗದ ಬಲಗಡೆ ಚಟುವಟಿಕೆ ಹೆಚ್ಚಿದ್ದು ಕಂಡಿತ್ತು. ಪ್ರಯೋಗದಲ್ಲಿ ಕೊಟ್ಟ ಕೆಲಸ ಬೇರೆ, ತರಬೇತಿ ಬೇರೆ. ಫಾರ್ವರ್ಡ್ ಆದದ್ದು ಮಾತ್ರ ಮೊದಲನೆಯದು.

ನಾನು ಓದಿದ್ದು ಸಂವಹನ, ನರವಿಜ್ಞಾನವಲ್ಲ. ಹಾಗಾಗಿ ನನ್ನ ಕಣ್ಣು ಹೋಗುವುದು ಚಿತ್ರದ ಬಣ್ಣಗಳ ಕಡೆಗೆ. ಎಫ್‌ಎಂಆರ್‌ಐ ಅಳೆಯುವುದು ರಕ್ತದ ಆಮ್ಲಜನಕದಲ್ಲಾಗುವ ಬದಲಾವಣೆಯನ್ನು. ಎರಡು ಸ್ಥಿತಿಗಳ ನಡುವಿನ ವ್ಯತ್ಯಾಸ ಲೆಕ್ಕ ಹಾಕಿ ಬಣ್ಣ ಬಳಿಯುತ್ತಾರೆ. ಬಣ್ಣವಿಲ್ಲದ ಜಾಗವೂ ಕೆಲಸ ಮಾಡುತ್ತಲೇ ಇರುತ್ತದೆ, ಅಲ್ಲಿ ವ್ಯತ್ಯಾಸ ಎದ್ದು ಕಾಣಲಿಲ್ಲ ಅಷ್ಟೇ.

ಈ ಮೂರೂ ಪಿಯಾನೊ ಪ್ರಯೋಗಗಳು ನಡೆದದ್ದು ಪಳಗಿದ ವಾದಕರ ಮೇಲೆ, ಪಾಶ್ಚಾತ್ಯ ಸಂಗೀತದಲ್ಲಿ. ಕಲ್ಪನಾಸ್ವರ ಹಾಡುವವರ ಬಗ್ಗೆಯಾಗಲಿ, ಇನ್ನೂ ಸರಳೆ ವರಸೆಯಲ್ಲಿರುವ ಮಗುವಿನ ಬಗ್ಗೆಯಾಗಲಿ ಅವು ಏನೂ ಹೇಳುವುದಿಲ್ಲ. ಬೆರಳಚ್ಚು ತೆಗೆದುಕೊಂಡು ‘ನಿಮ್ಮ ಮಗು ಬಲ ಮೆದುಳಿನದು, ಸಂಗೀತಕ್ಕೆ ಹಾಕಿ’ ಎಂದು ವರದಿ ಕೊಟ್ಟು ಸಾವಿರಾರು ರೂಪಾಯಿ ಕೇಳುವವರಿದ್ದಾರೆ. ಬೆರಳಿನ ಗೆರೆಯಿಂದ ಅದನ್ನು ಹೇಳಲು ಆಗುವುದಿಲ್ಲ. ಆ ದುಡ್ಡಿನಲ್ಲಿ ಕೆಲವು ತಿಂಗಳ ಪಾಠದ ಫೀಸು ಕಟ್ಟಬಹುದು.