ತುಕ್ಕು ಕಪ್ಪಾದರೆ ಕಬ್ಬಿಣ ಮತ್ತೆ ಗಟ್ಟಿಯಾಗುತ್ತದೆಯೇ?

ಕೆಂಪು ತುಕ್ಕಿನ ಮೇಲೆ ಹಾಲಿನಂಥ ದ್ರವ ಸವರಿದರೆ ಅದು ನೋಡನೋಡುತ್ತಲೇ ಕಪ್ಪಗಾಗುತ್ತದೆ. ಇಂಥ ವಿಡಿಯೊಗಳ ಜೊತೆಗೆ ‘ತುಕ್ಕು ಮತ್ತೆ ಕಬ್ಬಿಣವಾಯಿತು, ಇನ್ನು ಬಣ್ಣವೂ ಬೇಡ’ ಎಂಬ ಒಕ್ಕಣೆ ಬರುವುದುಂಟು. ಕಪ್ಪಾಗುವುದು ನಿಜ. ಉಳಿದ ಎರಡೂ ಮಾತು ಸುಳ್ಳು.

ತುಕ್ಕನ್ನು ಕಬ್ಬಿಣ ಮಾಡಬೇಕಾದರೆ ಅದರಲ್ಲಿ ಸೇರಿರುವ ಆಮ್ಲಜನಕವನ್ನು ಕಿತ್ತು ತೆಗೆಯಬೇಕು. ಅದು ಉಕ್ಕಿನ ಕಾರ್ಖಾನೆಯ ಕುಲುಮೆಯ ಕೆಲಸ, ಡಬ್ಬಿಯಲ್ಲಿ ಬರುವ ದ್ರವದ್ದಲ್ಲ. ‘ರಸ್ಟ್ ಕನ್ವರ್ಟರ್’ ಎಂದು ಮಾರುವ ದ್ರವದಲ್ಲಿ ಸಾಮಾನ್ಯವಾಗಿ ಟ್ಯಾನಿಕ್ ಆಮ್ಲ ಅಥವಾ ಫಾಸ್ಫಾರಿಕ್ ಆಮ್ಲ ಇರುತ್ತದೆ. ಟ್ಯಾನಿಕ್ ಆಮ್ಲ ತುಕ್ಕಿನೊಂದಿಗೆ ಸೇರಿ ನೀಲಿಗಪ್ಪು ಬಣ್ಣದ, ನೀರಲ್ಲಿ ಸುಲಭವಾಗಿ ಕರಗದ ಪದರವಾಗುತ್ತದೆ. ಹಿಂದಿನವರು ಅಳಲೆಕಾಯಿ ರಸಕ್ಕೆ ಅನ್ನಭೇದಿ ಬೆರೆಸಿ ಶಾಯಿ ಮಾಡುತ್ತಿದ್ದರಲ್ಲ, ಆ ಕಪ್ಪೂ ಇದೇ ಜಾತಿಯದು. ಹೊಸ ವಿದ್ಯೆಯೇನಲ್ಲ!

ನವಲಗುಂದ ತಾಲ್ಲೂಕಿನ ಯಮನೂರು ಬೆಣ್ಣಿಹಳ್ಳದ ದಂಡೆಯ ಊರು. ಸುತ್ತಲಿನ ಎರೆಮಣ್ಣು ತೇವವನ್ನು ಬೇಗ ಬಿಡುವುದಿಲ್ಲ. ಕುಂಟೆಗೆ, ಟ್ರ್ಯಾಕ್ಟರ್ ಟ್ರೇಲರ್‌ಗೆ ಮೆತ್ತಿಕೊಂಡ ಹಸಿ ಮಣ್ಣು, ಅದರ ಮೇಲೆ ಚೆಲ್ಲಿದ ರಸಗೊಬ್ಬರ ಸೇರಿದರೆ ತುಕ್ಕಿಗೆ ಬೇರೇನೂ ಬೇಕಿಲ್ಲ. ಟ್ರೇಲರ್‌ನ ಬದಿ, ಗೇಟು, ಕಿಟಕಿ ಸರಳಿನಂಥ ಕಡೆ ಈ ದ್ರವ ಉಪಯೋಗಕ್ಕೆ ಬರುತ್ತದೆ. ಆದರೆ ಮೊದಲು ಮಣ್ಣು, ಗ್ರೀಸ್ ತೊಳೆದು, ಏಳುವ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆದು ಒಣಗಿಸಬೇಕು. ಸಡಿಲ ತುಕ್ಕಿನ ಮೇಲೇ ಹಚ್ಚಿದರೆ ಪದರ ಚಕ್ಕೆಯಾಗಿ ಉದುರುತ್ತದೆ. ಡಬ್ಬಿಯ ಮೇಲೆ ಬರೆದಷ್ಟು ಹೊತ್ತು ಬಿಟ್ಟು, ಆಮೇಲೆ ಬಣ್ಣ ಬಳಿಯಲೇಬೇಕು. ನೆಲ ಸೀಳುವ ಕುಡಕ್ಕೆ ಹಚ್ಚುವುದು ಮಾತ್ರ ದುಡ್ಡು ದಂಡ, ಮಣ್ಣಿನ ಉಜ್ಜಾಟಕ್ಕೆ ಯಾವ ಪದರವೂ ನಿಲ್ಲದು. ಅದಕ್ಕೆ ಹಂಗಾಮು ಮುಗಿದ ಮೇಲೆ ಎಣ್ಣೆ ಸವರಿದರೆ ಸಾಕು.

ನಿಜವಾದ ಅಪಾಯ ಬೇರೆಯೇ ಇದೆ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುತ್ತದೆ. ಹಾಗಾಗಿ ಹೊರಗೆ ದಪ್ಪ ಕಂಡ ಟ್ರೇಲರ್ ಹುಕ್ಕು ಒಳಗೆ ಸವೆದಿರಬಹುದು. ಅದನ್ನು ಕಪ್ಪು ಮಾಡಿದರೆ ಚಂದ ಕಾಣುತ್ತದೆಯೇ ಹೊರತು ಹೋದ ಬಲ ಬರುವುದಿಲ್ಲ. ಭಾರ ಹೊರುವ ಭಾಗವನ್ನು ಉಜ್ಜಿ, ಸುತ್ತಿಗೆಯಿಂದ ತಟ್ಟಿ ನೋಡಿ. ತೆಳುವಾಗಿದ್ದರೆ ವೆಲ್ಡಿಂಗ್‌ನವರಿಗೆ ತೋರಿಸಿ ಬದಲಿಸಬೇಕು.

ಕುಡಿಯುವ ನೀರಿನ ತೊಟ್ಟಿ, ಕಾಳು ತುಂಬುವ ಡಬ್ಬಿಗಳ ಒಳಗೆ ಇದನ್ನು ಹಚ್ಚಬೇಡಿ. ಇದರ ಬದಲು ಟಾಯ್ಲೆಟ್ ಆ್ಯಸಿಡ್ ಸುರಿದರೆ ತುಕ್ಕೇನೋ ಹೋಗುತ್ತದೆ, ಆದರೆ ಉಳಿದ ಕ್ಲೋರೈಡ್‌ನಿಂದ ಹೊಸ ತುಕ್ಕು ಇನ್ನೂ ಬೇಗ ಹಿಡಿಯುತ್ತದೆ. ಯಾವುದೇ ಆಮ್ಲಕ್ಕೆ ಬ್ಲೀಚಿಂಗ್ ಪೌಡರ್ ಬೆರೆಸಿದರೆ ಉಸಿರುಗಟ್ಟಿಸುವ ಕ್ಲೋರಿನ್ ಅನಿಲ ಏಳುತ್ತದೆ. ‘ಎರಡನ್ನೂ ಸೇರಿಸಿ ಉಜ್ಜಿ’ ಎನ್ನುವ ಫಾರ್ವರ್ಡ್ ಬಂದರೆ ಅಳಿಸಿ, ಕಳುಹಿಸಿದವರಿಗೂ ತಿಳಿಸಿ.